ಮತಪೆಟ್ಟಿಗೆಯ ಗೆಲುವು ಖುಲಾಸೆಯಲ್ಲ

ಕಲಬುರಗಿಯ ಜೇವರ್ಗಿ ಕಾಲೋನಿಯಲ್ಲಿ ಮನೆಕಂದಾಯ ಬಾಕಿ ಉಳಿಸಿಕೊಂಡ ಗೃಹಸ್ಥನಿಗೆ ಪಾಲಿಕೆಯ ನೋಟಿಸು ಬರುತ್ತದೆ. ಮಲೆನಾಡಿನಲ್ಲಿ ಕಾಡಿನಿಂದ ಮರದ ತುಂಡೊಂದನ್ನು ಹೊತ್ತು ತಂದವನ ಮೇಲೆ 1963ರ ಕರ್ನಾಟಕ ಅರಣ್ಯ ಕಾಯ್ದೆಯಡಿ ಮೊಕದ್ದಮೆ ಹೂಡಲು ಬಹಳ ದಿನ ಬೇಕಿಲ್ಲ. ಬಡವನ ಮನೆಯ ದಾರಿ ಕಾನೂನಿಗೆ ಚೆನ್ನಾಗಿ ಗೊತ್ತು. ಅದೇ ಕಾನೂನಿಗೆ ಜನಪ್ರತಿನಿಧಿಯ ಬಾಗಿಲು ತಲುಪಲು ಎಷ್ಟು ವರ್ಷ ಹಿಡಿಯುತ್ತದೆ ಎಂಬುದನ್ನು ಕಲಬುರಗಿ ವಿಭಾಗದ್ದೇ ಆದ ಬಳ್ಳಾರಿ ಸೀಮೆಯ ಗುಡ್ಡಗಳು ಹೇಳುತ್ತವೆ.

ಬಳ್ಳಾರಿಯ ಅದಿರು ಪಶ್ಚಿಮಘಟ್ಟವನ್ನು ಇಳಿದು ಅಂಕೋಲೆಯ ಬೇಲೆಕೇರಿ ಬಂದರಿಗೆ ಹರಿದ ಕಾಲವನ್ನು ಉತ್ತರ ಕನ್ನಡದ ಜನ ಮರೆತಿರಲಾರರು. 2010ರಲ್ಲಿ ಅರಣ್ಯ ಇಲಾಖೆ ಅಲ್ಲಿ ಜಪ್ತಿ ಮಾಡಿದ್ದ ಲಕ್ಷಾಂತರ ಟನ್ ಅದಿರು ಸರ್ಕಾರದ ಕಾವಲಿನಲ್ಲಿರುವಾಗಲೇ ಹಡಗು ಹತ್ತಿ ಹೋಯಿತು. ಜಪ್ತಿ ಮಾಡಿದ ಅರಣ್ಯಾಧಿಕಾರಿ ಆರ್. ಗೋಕುಲ್ ಅವರ ಅಮಾನತಿನ ಪ್ರಶ್ನೆಯೇ ಆ ಜೂನ್‌ನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ರಾಜೀನಾಮೆಗೆ ಕಾರಣವಾಯಿತು. ಮುಂದೆ ಅವರು ಅದನ್ನು ಹಿಂಪಡೆದರು. 2011ರ ಜುಲೈ 27ರಂದು ಅವರ ಗಣಿ ವರದಿ ಸರ್ಕಾರದ ಕೈಸೇರಿತು. ಎರಡು ದಿನಗಳಲ್ಲಿ, ಸಮಾಜ ಪರಿವರ್ತನ ಸಮುದಾಯದ ಅರ್ಜಿಯ ಮೇಲೆ, ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಯನ್ನೇ ನಿಲ್ಲಿಸಿತು. ತಿಂಗಳು ಮುಗಿಯುವಷ್ಟರಲ್ಲಿ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ಕೊಟ್ಟರು.

ಅಲ್ಲಿಂದ ಮುಂದೆ ಕಾನೂನು ಕುಂಟತೊಡಗಿತು. ಬೇಲೆಕೇರಿ ಪ್ರಕರಣದಲ್ಲಿ ಕಾರವಾರದ ಕಾಂಗ್ರೆಸ್ ಶಾಸಕ ಸತೀಶ್ ಸೈಲ್ ಅವರಿಗೆ ವಿಶೇಷ ನ್ಯಾಯಾಲಯ ಏಳು ವರ್ಷ ಸೆರೆವಾಸ ವಿಧಿಸಿದ್ದು 2024ರ ಅಕ್ಟೋಬರ್‌ನಲ್ಲಿ. ಓಬಳಾಪುರಂ ಗಣಿ ಪ್ರಕರಣದ ತನಿಖೆ 2009ರಲ್ಲಿ ಆರಂಭವಾಯಿತು. ಗಂಗಾವತಿಯ ಶಾಸಕ, ಬಿಜೆಪಿಯ ಜನಾರ್ದನ ರೆಡ್ಡಿಯವರಿಗೆ ಹೈದರಾಬಾದಿನ ಸಿಬಿಐ ನ್ಯಾಯಾಲಯ ಅಷ್ಟೇ ಶಿಕ್ಷೆ ವಿಧಿಸಿದ್ದು 2025ರ ಮೇ 6ರಂದು. ವಾರಗಳೊಳಗೆ ಎರಡೂ ಶಿಕ್ಷೆಗಳನ್ನು ಆಯಾ ಹೈಕೋರ್ಟುಗಳು ಅಮಾನತಿನಲ್ಲಿರಿಸಿದವು. ಮೇಲ್ಮನವಿ ಅವರ ಹಕ್ಕು, ನಿಜ. ಆದರೆ ಸೌದೆ ಕದ್ದ ಆರೋಪಿಗೆ ಹೈಕೋರ್ಟಿನ ಮೆಟ್ಟಿಲು ಹತ್ತಲು ಬಸ್ ಚಾರ್ಜಿಗೂ ದುಡ್ಡಿರುವುದಿಲ್ಲ.

ಜನರೇ ಆರಿಸಿ ಕಳುಹಿಸಿದ್ದಾರಲ್ಲ, ಇನ್ನೇನು ವಿಚಾರಣೆ ಎಂದು ಕೇಳುವವರಿದ್ದಾರೆ. ಇಬ್ಬರೂ 2023ರಲ್ಲಿ ಆರಿಸಿ ಬಂದವರೇ. ಆದರೆ ಮತದಾರ ಸಾಕ್ಷ್ಯ ಪರಿಶೀಲಿಸುವುದಿಲ್ಲ, ಕಡತ ಓದುವುದಿಲ್ಲ. ಅವನು ರಸ್ತೆಯನ್ನೋ ಜಾತಿಯನ್ನೋ ನೋಡಿ ಗುಂಡಿ ಒತ್ತುತ್ತಾನೆ. ಗಂಗಾವತಿಯ ಮತದಾರನಿಗೆ ಸಂಡೂರಿನ ಕಾಡನ್ನು ಕ್ಷಮಿಸುವ ಅಧಿಕಾರವನ್ನು ಕೊಟ್ಟವರಾರು? ಮೊಕದ್ದಮೆಗಳೆಲ್ಲ ರಾಜಕೀಯ ದ್ವೇಷ ಎಂಬ ಇನ್ನೊಂದು ವಾದದಲ್ಲಿ ಸ್ವಲ್ಪ ಹುರುಳಿದೆ. ಅದಕ್ಕೂ ಮದ್ದು ತ್ವರಿತ ವಿಚಾರಣೆಯೇ. ಗಣಿ ಲಂಚದ ಪ್ರಕರಣದಲ್ಲಿ ಯಡಿಯೂರಪ್ಪನವರನ್ನು ಸಿಬಿಐ ನ್ಯಾಯಾಲಯ 2016ರಲ್ಲಿ ಖುಲಾಸೆ ಮಾಡಿತು. ನಿರ್ದೋಷಿಯೆಂದು ಹೇಳಿಸಿಕೊಳ್ಳಲು ಐದು ವರ್ಷ ಕಾಯಿಸುವುದೂ ನ್ಯಾಯವಲ್ಲ.

ಎರಡು ವರ್ಷ ಅಥವಾ ಹೆಚ್ಚಿನ ಶಿಕ್ಷೆಯಾದ ಶಾಸಕ ತಕ್ಷಣ ಸ್ಥಾನ ಕಳೆದುಕೊಳ್ಳಬೇಕೆಂದು ಸುಪ್ರೀಂ ಕೋರ್ಟು 2013ರಲ್ಲಿ ಲಿಲಿ ಥಾಮಸ್ ಪ್ರಕರಣದಲ್ಲಿ ತೀರ್ಪಿತ್ತಿತು. ಶಿಕ್ಷೆಯಾಗುವುದೇ ಹದಿನೈದು ವರ್ಷಕ್ಕಾದರೆ ಆ ತೀರ್ಪಿನಿಂದೇನು? ಅಷ್ಟರಲ್ಲಿ ಮೂರು ಚುನಾವಣೆ ಕಳೆದಿರುತ್ತವೆ, ಗುಡ್ಡ ಹೊಂಡವಾಗಿರುತ್ತದೆ, ಸಾಕ್ಷಿಗಳು ನಿವೃತ್ತರಾಗಿರುತ್ತಾರೆ. 2014ರ ಮಾರ್ಚ್ 10ರಂದು ಅದೇ ನ್ಯಾಯಾಲಯ, ಹಾಲಿ ಶಾಸಕ-ಸಂಸದರ ಮೇಲಿನ ಇಂಥ ಪ್ರಕರಣಗಳನ್ನು ದೋಷಾರೋಪ ನಿಗದಿಯಾದ ಒಂದು ವರ್ಷದೊಳಗೆ, ಸಾಧ್ಯವಾದಷ್ಟೂ ದಿನಂಪ್ರತಿ ವಿಚಾರಣೆ ನಡೆಸಿ ಮುಗಿಸಬೇಕೆಂದು ಆದೇಶಿಸಿತ್ತು. ಹೊಸ ಕಾಯ್ದೆಯನ್ನು ಯಾರೂ ಕೇಳುತ್ತಿಲ್ಲ. ಆ ಆದೇಶವೊಂದನ್ನು ಪಾಲಿಸಿದರೆ ಸಾಕು.