ಗಡಿಯೂರಿನ ಭಾಷಾ ಸಹಾಯಕ

ಕಲಿಸಹೋಗುವವನು ಮೊದಲು ತಾನೇ ಕಲಿಯಬೇಕೆಂಬುದು ಗುರುವೃತ್ತಿಯ ಹಳೆಯ ನಿಯಮ. ಪರದೇಶದ ಗಡಿಯೂರಿಗೆ ಭಾಷಾ ಸಹಾಯಕರಾಗಿ ತೆರಳುವ ತರುಣರಿಗೆ ಇದು ವಿಶೇಷವಾಗಿ ಅನ್ವಯಿಸುತ್ತದೆ.

ಫ್ರಾನ್ಸಿನ ಶಾಲೆಗಳಲ್ಲಿ ಇಂಗ್ಲಿಷ್ ಸಂಭಾಷಣೆ ಕಲಿಸಲು ಅನ್ಯದೇಶಗಳ ಯುವಜನರು ನೇಮಕಗೊಳ್ಳುತ್ತಾರೆ, ಭಾರತೀಯರೂ ಅವರಲ್ಲಿದ್ದಾರೆ. ವಾರಕ್ಕೆ 12 ಗಂಟೆಗಳ ಪಾಠ. ಸಾಮಾನ್ಯವಾಗಿ ಅಕ್ಟೋಬರಿನಿಂದ ಏಪ್ರಿಲ್‌ವರೆಗೆ 7 ತಿಂಗಳ ಅವಧಿ. ಉಳಿದ ವೇಳೆಯನ್ನು ಯಾರೊಡನೆ ಕಳೆಯುವರೆಂಬುದರ ಮೇಲೆ ಅವರು ಊರಿನವರಾಗುವುದೂ ಪರಕೀಯರಾಗಿ ಉಳಿಯುವುದೂ ನಿಂತಿದೆ.

ಫ್ರಾನ್ಸಿನ ಗಡಿಯೂರಾದ ಆಂದಾಯ್ ಇದಕ್ಕೆ ಒಳ್ಳೆಯ ನಿದರ್ಶನ. ಬಿದಸೋವಾ ನದಿಯಾಚೆಗೆ ಸ್ಪೇನಿನ ಇರೂನ್ ಪಟ್ಟಣ. ಆದರೆ ಎರಡೂ ದಡಗಳ ಪ್ರಾಚೀನ ನುಡಿ ಫ್ರೆಂಚೂ ಅಲ್ಲ, ಸ್ಪ್ಯಾನಿಷ್ಷೂ ಅಲ್ಲ, ಅದು ಬಾಸ್ಕ್. ಇರೂನ್ ಸೇರಿದ ಸ್ವಾಯತ್ತ ಪ್ರಾಂತ್ಯದಲ್ಲಿ 1979ರ ಶಾಸನದಿಂದ ಸ್ಪ್ಯಾನಿಷ್ಷಿನೊಡನೆ ಅದೂ ಅಧಿಕೃತ ಭಾಷೆಯಾಯಿತು. ಫ್ರಾನ್ಸಿನಲ್ಲಿ ಅದಕ್ಕೆ ಆ ಸ್ಥಾನವಿಲ್ಲ. ಆದರೂ 1969ರಲ್ಲಿ ಸ್ಥಾಪಿತವಾದ ಸೆಯಾಸ್ಕಾ ಸಂಘದ ಶಾಲೆಗಳು ಆ ನುಡಿಯಲ್ಲಿಯೇ ವಿದ್ಯಾದಾನ ಮಾಡುತ್ತ ಬಂದಿವೆ.

ಜಗತ್ತಿನ ಪ್ರಬಲ ಭಾಷೆಯೊಂದನ್ನು ಕಲಿಸಲು ಇಂಥ ಊರಿಗೆ ಬರುವವರ ಹೊಣೆ ಸಣ್ಣದಲ್ಲ. ಏಳೇ ತಿಂಗಳಿಗೆ ಮತ್ತೊಂದು ನುಡಿಯ ಹೊರೆಯೇಕೆಂದು ಕೆಲವರು ಕೇಳಬಹುದು. ಪಾಂಡಿತ್ಯವನ್ನು ಯಾರೂ ಅಪೇಕ್ಷಿಸುವುದಿಲ್ಲ. ಮುಂಜಾನೆ ರೊಟ್ಟಿಯಂಗಡಿಯಲ್ಲಿ ‘ಎಗುನ್ ಓನ್’ ಎಂದು ಶುಭ ಕೋರಿದರೂ ಸಾಕು, ಆ ನುಡಿಗೆ ಮರ್ಯಾದೆ ಸಲ್ಲುತ್ತದೆ. ಅನ್ಯರ ಬಾಯಲ್ಲಿ ತಮ್ಮ ಮನೆಮಾತನ್ನು ಕೇಳಿದ ಮಕ್ಕಳು ಅದನ್ನು ಕೀಳೆಂದು ಎಣಿಸಲಾರರು. ಮನೆಯಲ್ಲಿ ಕನ್ನಡವಾಡಿ ಶಾಲೆಯಲ್ಲಿ ಇಂಗ್ಲಿಷ್ ಕಲಿತ ತರುಣರಿಗೆ ಈ ಸೂಕ್ಷ್ಮ ಬೇಗ ತಿಳಿಯಬೇಕು. ಕಲಿಸುವುದು ಕಾಯಕವಾದರೆ, ಆಶ್ರಯವಿತ್ತ ಊರಿನ ನುಡಿಗೆ ಕಿವಿಗೊಡುವುದೂ ಆ ಕಾಯಕದ ಅಂಗವೇ ಆಗಿದೆ.