ಕಂತು ಕಟ್ಟುವ ಕೈಗೆ ಉಳಿತಾಯವೇಕೆ ಕಷ್ಟ?

2025ರ ಆರಂಭದಲ್ಲಿ ನಮ್ಮ ರಾಜ್ಯದ ಹಲವು ಜಿಲ್ಲೆಗಳಿಂದ ಬಂದ ಸುದ್ದಿಗಳು ಮನಸ್ಸನ್ನು ಕಲಕಿದ್ದವು. ಮೈಕ್ರೋಫೈನಾನ್ಸ್ ಸಾಲದ ಕಂತು ಕಟ್ಟಲಾಗದೆ ಮನೆಗೆ ಬೀಗ ಹಾಕಿ ಊರು ತೊರೆದ ಕುಟುಂಬಗಳಿದ್ದವು. ಅವಮಾನ ತಾಳಲಾರದೆ ಜೀವವನ್ನೇ ಕಳೆದುಕೊಂಡವರಿದ್ದರು. ಅದೇ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರವು ಬಲವಂತದ ವಸೂಲಿಯನ್ನು ತಡೆಯಲು ಸುಗ್ರೀವಾಜ್ಞೆ ಹೊರಡಿಸಿ, ತಪ್ಪಿತಸ್ಥರಿಗೆ 10 ವರ್ಷಗಳವರೆಗೆ ಸೆರೆವಾಸ ಹಾಗೂ 5 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅವಕಾಶ ಕಲ್ಪಿಸಿತು. ಕಾನೂನು ವಸೂಲಿಗಾರನ ಕೈಯನ್ನು ಹಿಡಿಯಿತು. ಆದರೆ ಊರಿನ ಕಟ್ಟೆಗಳಲ್ಲಿ ಆಗ ಕೇಳಿಬಂದ ಒಂದು ಮಾತು ಇಂದಿಗೂ ಉಳಿದಿದೆ: “ಕೈಯಲ್ಲಿ ದುಡ್ಡಿದ್ದಾಗ ನಾಲ್ಕು ಕಾಸು ಕೂಡಿಟ್ಟಿದ್ದರೆ ಈ ಗತಿ ಬರುತ್ತಿತ್ತೇ?”

ಈ ಪ್ರಶ್ನೆ ತಪ್ಪಲ್ಲ. ಅದಕ್ಕೆ ನಾವು ಕೊಡುವ ಉತ್ತರ ಮಾತ್ರ ಅವಸರದ್ದು. ಉಳಿಸುವವನು ಶಿಸ್ತಿನವನು, ಉಳಿಸದವನು ದುಂದುಗಾರ ಎಂದು ಎರಡು ಮಾತಿನಲ್ಲಿ ತೀರ್ಪು ಕೊಟ್ಟು ಏಳುವುದು ನಮಗೆ ರೂಢಿಯಾಗಿದೆ. ಕುಡಿತ, ಜೂಜು, ಅಂತಸ್ತಿನ ಪ್ರದರ್ಶನಗಳು ಮನೆಗಳನ್ನು ಮುಳುಗಿಸಿವೆ ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಕುಡಿಯದ, ಆಡದ, ಬೆಳಗಿನಿಂದ ಸಂಜೆಯವರೆಗೆ ದುಡಿಯುವ ಅಸಂಖ್ಯ ಕುಟುಂಬಗಳೂ ವರ್ಷದ ಕೊನೆಗೆ ಬರಿಗೈಯಲ್ಲಿವೆ. ಅವರನ್ನು ನಾವು ಯಾವ ಸಾಲಿನಲ್ಲಿ ನಿಲ್ಲಿಸುತ್ತೇವೆ?

ಒಂದೇ ಓಣಿಯ ಎರಡು ಮನೆಗಳನ್ನು ಊಹಿಸಿಕೊಳ್ಳೋಣ. ಒಂದರಲ್ಲಿ ಸರ್ಕಾರಿ ಶಾಲೆಯ ಶಿಕ್ಷಕರು; ಇನ್ನೊಂದರಲ್ಲಿ ಗಾರೆ ಕೆಲಸದವರು. ಶಿಕ್ಷಕರ ಸಂಬಳ ಕೈಸೇರುವ ಮೊದಲೇ ಸರ್ಕಾರಿ ವಿಮಾ ಇಲಾಖೆಯ ಕಂತು ಅದರಿಂದ ಕಡಿತವಾಗುತ್ತದೆ. ಅವರು 2006ರ ಏಪ್ರಿಲ್ ನಂತರ ಸೇವೆಗೆ ಸೇರಿದವರಾದರೆ ಹೊಸ ಪಿಂಚಣಿ ಯೋಜನೆಗೆಂದು ಮೂಲವೇತನ ಮತ್ತು ತುಟ್ಟಿಭತ್ಯೆಯ ಶೇ. 10ರಷ್ಟು ಪ್ರತ್ಯೇಕವಾಗುತ್ತದೆ. ಖಾಸಗಿ ಕಾರ್ಖಾನೆಯ ನೌಕರರಿಗೆ ಭವಿಷ್ಯನಿಧಿಯ ಶೇ. 12ರ ಕಡಿತವಿದೆ. ಇವರು ಪ್ರತಿ ತಿಂಗಳೂ ಉಳಿತಾಯದ ನಿರ್ಧಾರ ಮಾಡುತ್ತಿಲ್ಲ. ಅವರ ಪರವಾಗಿ ವ್ಯವಸ್ಥೆಯೇ ಆ ನಿರ್ಧಾರವನ್ನು ಮಾಡಿ ಮುಗಿಸಿದೆ. ಗಾರೆ ಕೆಲಸದವರಾದರೋ ಪ್ರತಿ ಸಂಜೆ ಬಟವಾಡೆಯ ಹಣ ಕೈಗೆ ಬಂದಾಗಲೆಲ್ಲ ಹೊಸದಾಗಿ ಮನಸ್ಸು ಗಟ್ಟಿ ಮಾಡಿಕೊಳ್ಳಬೇಕು, ಅದೂ ಮಳೆಗಾಲದಲ್ಲಿ ವಾರಗಟ್ಟಲೆ ಕೆಲಸವಿರುವುದಿಲ್ಲ ಎಂಬ ಭಯದ ನಡುವೆ. ಒಬ್ಬರು ವರ್ಷಕ್ಕೆ ಒಮ್ಮೆಯೂ ಬರೆಯಬೇಕಿಲ್ಲದ ಪರೀಕ್ಷೆಯನ್ನು ಇನ್ನೊಬ್ಬರು ಮುನ್ನೂರು ಸಲ ಬರೆಯುತ್ತಾರೆ. ಕೆಲವು ಸಲ ಅನುತ್ತೀರ್ಣರಾದರೆ ನಾವು ಅದಕ್ಕೆ ಗುಣದೋಷವೆಂದು ಹೆಸರಿಡುತ್ತೇವೆ.

ಕೊರತೆಯು ಬುದ್ಧಿಯ ಮೇಲೆಯೇ ಭಾರ ಹೇರುತ್ತದೆ ಎಂಬುದಕ್ಕೆ ನೆರೆಯ ತಮಿಳುನಾಡಿನಲ್ಲಿ ನಡೆದ ಅಧ್ಯಯನವೊಂದು ಸಾಕ್ಷಿಯಾಗಿದೆ. 2013ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ ಸೆಂದಿಲ್ ಮುಲ್ಲೈನಾಥನ್ ಮತ್ತು ಸಂಗಡಿಗರು 464 ಕಬ್ಬು ಬೆಳೆಗಾರರನ್ನು ಕಟಾವಿಗೆ ಮುನ್ನ ಒಮ್ಮೆ, ಕಟಾವಿನ ನಂತರ ಒಮ್ಮೆ ಪರೀಕ್ಷಿಸಿದರು. ಹಣದ ಮುಗ್ಗಟ್ಟಿನ ದಿನಗಳಲ್ಲಿ ಗಮನ ಹಾಗೂ ತರ್ಕದ ಪರೀಕ್ಷೆಗಳಲ್ಲಿ ಹಿಂದೆ ಬಿದ್ದ ಅದೇ ರೈತರು, ಕಬ್ಬಿನ ಹಣ ಕೈಸೇರಿದ ಮೇಲೆ ಗಣನೀಯವಾಗಿ ಮುಂದೆ ಬಂದರು. ರೈತ ಬದಲಾಗಿರಲಿಲ್ಲ, ಆತನ ತಲೆಯ ಮೇಲಿನ ಚಿಂತೆ ಇಳಿದಿತ್ತು. ಬೆಳಗಾವಿ, ಬಾಗಲಕೋಟೆ, ಮಂಡ್ಯದ ಕಬ್ಬು ಬೆಳೆಗಾರರಿಗೆ ಈ ಮಾತನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ.

ಆದರೂ ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ವಾರಕ್ಕೆ ನೂರು ರೂಪಾಯಿ ಉಳಿಸಲಾರೆವು ಎನ್ನುವ ಮನೆಯೇ ವಾರಕ್ಕೆ ಐನೂರು ರೂಪಾಯಿಯ ಕಂತನ್ನು ತಿಂಗಳುಗಟ್ಟಲೆ ತಪ್ಪದೆ ಕಟ್ಟುತ್ತದೆ. ವರ್ಷಕ್ಕೆ ಅದು 26,000 ರೂಪಾಯಿ. ಅಂದರೆ ಕೂಡಿಸುವ ಶಕ್ತಿ ಆ ಮನೆಯಲ್ಲಿ ಇಲ್ಲವೆಂದಲ್ಲ. ಅದು ಸಾಲ ತೀರಿಸುವ ದಾರಿಯಲ್ಲಿ ಮಾತ್ರ ಪ್ರಕಟವಾಗುತ್ತಿದೆ. ಏಕೆ? ಕಂತಿಗೆ ಗೊತ್ತಾದ ದಿನವಿದೆ. ಬಾಗಿಲಿಗೆ ಬಂದು ಕೇಳುವ ಮನುಷ್ಯನಿದ್ದಾನೆ. ಪಕ್ಕದಲ್ಲಿ ಕುಳಿತು ನೋಡುವ ಗುಂಪಿದೆ. ಉಳಿತಾಯಕ್ಕೆ ಈ ಮೂರೂ ಇಲ್ಲ. ಇನ್ನೂ ವಿಪರ್ಯಾಸವೆಂದರೆ, ಓಣಿಗೆ ವಾರವಾರ ಬರುವ ಮೈಕ್ರೋಫೈನಾನ್ಸ್ ಕಂಪನಿಯು ಸಾಲ ಕೊಡಬಹುದೇ ಹೊರತು ನಿಯಮದ ಪ್ರಕಾರ ಜನರಿಂದ ಠೇವಣಿ ಪಡೆಯುವಂತಿಲ್ಲ. ಸಾಲ ಮನೆ ಬಾಗಿಲಿಗೆ ಬರುತ್ತದೆ. ಉಳಿತಾಯವನ್ನು ಮಾತ್ರ ನಾವೇ ಕೂಲಿ ಬಿಟ್ಟು ಅರಸಿಕೊಂಡು ಹೋಗಬೇಕು.

ಕೈಯಲ್ಲಿರುವ ಹಣಕ್ಕೆ ಹಕ್ಕುದಾರರೂ ಬಹಳ. ತಮ್ಮನ ಮಗನ ಶುಲ್ಕ, ನಾದಿನಿಯ ಸೀಮಂತ, ನೆರೆಮನೆಯವರ ಆಸ್ಪತ್ರೆ ಖರ್ಚು: ಇದ್ದೂ ಇಲ್ಲವೆನ್ನುವುದು ನಮ್ಮ ಸಂಸ್ಕಾರಕ್ಕೆ ಒಗ್ಗುವುದಿಲ್ಲ. ಕೆನ್ಯಾ ದೇಶದಲ್ಲಿ ನಡೆದು 2013ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಬಡ ಕುಟುಂಬಗಳಿಗೆ ಬೀಗವಿರುವ ಸರಳ ಪೆಟ್ಟಿಗೆಯೊಂದನ್ನು ನೀಡಿ ನೋಡಿತು. ಬಡ್ಡಿಯಿಲ್ಲ, ಉಪದೇಶವಿಲ್ಲ. ಅಷ್ಟರಿಂದಲೇ ಆರೋಗ್ಯಕ್ಕಾಗಿ ಅವರು ಕೂಡಿಟ್ಟ ಹಣ ಹೆಚ್ಚಿತು. “ಇದು ಔಷಧಿಗೆಂದು ಇಟ್ಟದ್ದು” ಎಂಬ ಮಾತಿಗೆ ನೆಲೆ ಸಿಕ್ಕರೆ, ಇಲ್ಲವೆನ್ನುವ ಸಂಕೋಚವೂ ಹಗುರಾಗುತ್ತದೆ. ನಮ್ಮ ತಾಯಂದಿರು ಸಾಸಿವೆ ಡಬ್ಬಿಯಲ್ಲಿ, ಅಕ್ಕಿಯ ಮಡಕೆಯಲ್ಲಿ ಹಣ ಮುಚ್ಚಿಡುತ್ತಿದ್ದುದರ ಒಳಮರ್ಮವೂ ಇದೇ.

ಇದು ಬಡವರದಷ್ಟೇ ಸಂಕಷ್ಟವೆಂದು ಉಳಿದವರು ನಿಶ್ಚಿಂತರಾಗಬೇಕಿಲ್ಲ. ರಿಸರ್ವ್ ಬ್ಯಾಂಕಿನ ಅಂಕಿಅಂಶಗಳ ಪ್ರಕಾರ, ಸಾಲವನ್ನು ಕಳೆದು ಉಳಿಯುವ ದೇಶದ ಕುಟುಂಬಗಳ ನಿವ್ವಳ ಹಣಕಾಸು ಉಳಿತಾಯವು 2020-21ರಲ್ಲಿ ಒಟ್ಟು ದೇಶೀಯ ಉತ್ಪನ್ನದ ಶೇ. 11ಕ್ಕೂ ಮೇಲಿದ್ದುದು 2022-23ರಲ್ಲಿ ಶೇ. 5ರ ಆಸುಪಾಸಿಗೆ ಕುಸಿಯಿತು. ಮೊದಲಿನದು ಕೊರೋನಾ ಕಾಲದ ಅಸಹಜ ವರ್ಷವೆಂಬುದು ನಿಜ. ಆದರೂ ಎರಡನೆಯದು ದಶಕಗಳಲ್ಲೇ ಕೆಳಮಟ್ಟದ್ದು. ಮನೆ, ವಾಹನ, ಮೊಬೈಲುಗಳಿಗಾಗಿ ಎತ್ತಿದ ಸಾಲವೂ ಇದಕ್ಕೆ ಕಾರಣ. ಸಂಬಳ ಏರಿದೊಡನೆ ಖರ್ಚೂ ಏರಿದರೆ ಐದಂಕಿಯ ಆದಾಯವೂ ತಿಂಗಳ ಇಪ್ಪತ್ತರೊಳಗೆ ಖಾಲಿಯಾಗುತ್ತದೆ. ಅಮೆರಿಕದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಶ್ಲೋಮೊ ಬೆನಾರ್ಟ್ಜಿ ಇದಕ್ಕೊಂದು ಉಪಾಯವನ್ನು ಪರೀಕ್ಷಿಸಿದ್ದರು: ಇಂದಿನ ಸಂಬಳವನ್ನು ಮುಟ್ಟದೆ, ಮುಂದೆ ಏರಿಕೆಯಾದಾಗ ಆ ಏರಿಕೆಯ ಒಂದು ಪಾಲು ತಾನಾಗಿಯೇ ಉಳಿತಾಯಕ್ಕೆ ಹೋಗಲೆಂದು ಇಂದೇ ಒಪ್ಪಿಕೊಳ್ಳುವುದು. ಹಾಗೆ ಒಪ್ಪಿದ ನೌಕರರ ಉಳಿತಾಯ 40 ತಿಂಗಳಲ್ಲಿ ಸಂಬಳದ ಶೇ. 3.5ರಿಂದ ಶೇ. 13.6ಕ್ಕೆ ಏರಿತು. ಅವರ ಸ್ವಭಾವ ತಿದ್ದಲ್ಪಡಲಿಲ್ಲ, ಹಣ ಹರಿಯುವ ಕಾಲುವೆಯನ್ನು ತಿರುಗಿಸಲಾಯಿತು, ಅಷ್ಟೇ.

ಕೂಡಿಡುವುದು ಲೋಭವಲ್ಲವೇ ಎಂದು ಸದ್ಭಕ್ತರು ಕೇಳಬಹುದು. ಮಾರಯ್ಯ ಹೆಚ್ಚಿಗೆ ಆಯ್ದು ತಂದ ಅಕ್ಕಿಯನ್ನು ಲಕ್ಕಮ್ಮ ಹಿಂದಿರುಗಿಸಲು ಹೇಳಿದ ಪ್ರಸಂಗ ನಮ್ಮೆಲ್ಲರಿಗೂ ತಿಳಿದದ್ದೇ. ಅಲ್ಲಿ ನಿರಾಕರಿಸಲಾದದ್ದು ಅಗತ್ಯವನ್ನು ಮೀರಿದ ಆಸೆ. ಮಗುವಿನ ಜ್ವರಕ್ಕೆ, ಬರಗಾಲದ ಬಿತ್ತನೆಗೆ ಎತ್ತಿಟ್ಟ ಹಣ ಆಸೆಯಲ್ಲ. ಕಾಯಕದ ಫಲವನ್ನು ಬಡ್ಡಿಯವನ ಪಾಲಾಗದಂತೆ ಕಾಯುವ ಎಚ್ಚರ. ಕೈಯಲ್ಲಿ ಏನೂ ಇಲ್ಲದವನು ದಾಸೋಹಕ್ಕಾದರೂ ಏನನ್ನು ನೀಡಿಯಾನು?

ಹಾಗಾದರೆ ಮಾಡಬೇಕಾದದ್ದೇನು? ಕಂತಿಗಿರುವ ದಿನ, ಕೇಳುವವರು, ಸಾಕ್ಷಿಗಳನ್ನು ಉಳಿತಾಯಕ್ಕೂ ಒದಗಿಸುವುದು. ಈ ವಿದ್ಯೆ ನಮ್ಮ ನೆಲಕ್ಕೆ ಹೊಸದಲ್ಲ. 1905ರಲ್ಲಿ ಗದಗ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಪತ್ತಿನ ಸಹಕಾರ ಸಂಘವನ್ನು ಕಟ್ಟಿದರು. 1980ರ ದಶಕದಲ್ಲಿ ಮೈರಾಡ ಸಂಸ್ಥೆಯು ಕರ್ನಾಟಕದ ಹಳ್ಳಿಗಳಲ್ಲಿ ಪೋಷಿಸಿದ ಗುಂಪುಗಳ ಅನುಭವದ ಬಲದಿಂದ 1992ರಲ್ಲಿ ನಬಾರ್ಡ್ ಸ್ವಸಹಾಯ ಸಂಘಗಳನ್ನು ಬ್ಯಾಂಕುಗಳಿಗೆ ಜೋಡಿಸಲು ಆರಂಭಿಸಿತು. ಆ ಸಂಘಗಳಲ್ಲಿ ಮೊದಲು ಉಳಿತಾಯ, ನಂತರವೇ ಸಾಲ. ಇಂದು ಹಲವೆಡೆ ಈ ಕ್ರಮ ತಲೆಕೆಳಗಾಗಿ, ಸಾಲಕ್ಕಾಗಿಯೇ ಗುಂಪು ಎಂಬಂತಾಗಿದೆ. ಅದನ್ನು ಮತ್ತೆ ನೇರಗೊಳಿಸಬೇಕಾಗಿದೆ.

ಕೆಲವು ವಿವೇಕದ ಮಾತುಗಳನ್ನು ಇಲ್ಲಿ ಸೇರಿಸುತ್ತೇವೆ. ತಿಂಗಳಿಗೆ ನೂರಕ್ಕೆ ಮೂರು ರೂಪಾಯಿ ಬಡ್ಡಿಯೆಂದರೆ ವರ್ಷಕ್ಕೆ ಶೇ. 36, ಅಂತಹ ಸಾಲವಿದ್ದವರು ತುರ್ತಿಗೆಂದು ಅಲ್ಪಸ್ವಲ್ಪ ಇಟ್ಟುಕೊಂಡು ಮೊದಲು ಅದನ್ನು ತೀರಿಸುವುದೇ ದೊಡ್ಡ ಉಳಿತಾಯ. ಅಂಚೆ ಕಚೇರಿಯ ಆವರ್ತಕ ಠೇವಣಿಯನ್ನು ತಿಂಗಳಿಗೆ 100 ರೂಪಾಯಿಯಿಂದ ಆರಂಭಿಸಬಹುದು. ಬ್ಯಾಂಕಿನಲ್ಲಿಟ್ಟ ಠೇವಣಿಗೆ ಒಬ್ಬರಿಗೆ 5 ಲಕ್ಷ ರೂಪಾಯಿವರೆಗೆ ವಿಮೆಯ ರಕ್ಷಣೆಯುಂಟು. ಪತ್ತಿನ ಸಹಕಾರ ಸಂಘ, ಪತ್ತಿನ ಸೌಹಾರ್ದಗಳ ಠೇವಣಿಗೆ ಆ ರಕ್ಷಣೆಯಿಲ್ಲ. ಆಡಳಿತ ಮಂಡಳಿಯಲ್ಲಿ ನಮ್ಮವರೇ ಇದ್ದಾರೆಂಬ ಒಂದೇ ನಂಬಿಕೆಯ ಮೇಲೆ ಬಾಳಿನ ಗಂಟನ್ನೆಲ್ಲ ಒಂದೇ ಕಡೆ ಇಡುವುದು ತರವಲ್ಲ.

ಸಮಾಜದ ಹೊಣೆಯೂ ಇದೆ. ಒಂದು ಮದುವೆಗಾಗಿ ಹತ್ತು ವರ್ಷಗಳ ಗಳಿಕೆ ಕರಗುವಾಗ, ಆ ವೈಭವವನ್ನು ಹೊಗಳಿ ಉಂಡು ಬಂದವರು ನಾವೇ. ಮಠಗಳು ನಡೆಸುವ ಸಾಮೂಹಿಕ ವಿವಾಹಗಳಲ್ಲಿ ಉಳ್ಳವರ ಮಕ್ಕಳೂ ಹಸೆಮಣೆ ಏರಿದರೆ, ಇಲ್ಲದವರಿಗೆ ಅಲ್ಲಿ ಬರಲು ಇರುವ ಸಂಕೋಚ ತಾನೇ ಕರಗುತ್ತದೆ.

ಮುಂದಿನ ಸಲ ಕಟ್ಟೆಯ ಮೇಲೆ “ಅವರೇಕೆ ಉಳಿಸಲಿಲ್ಲ?” ಎಂಬ ಮಾತು ಬಂದಾಗ, ಅದರ ಜೊತೆಗೆ ಇನ್ನೊಂದನ್ನೂ ಕೇಳಿಕೊಳ್ಳೋಣ: ಆ ಮನೆಯ ಬಾಗಿಲಿಗೆ ಕಂತು ಕೇಳಲು ವಾರವಾರ ಜನ ಹೋದರು, ಉಳಿತಾಯವನ್ನು ನೆನಪಿಸಲು ನಮ್ಮಲ್ಲಿ ಯಾರಾದರೂ ಒಮ್ಮೆಯಾದರೂ ಹೋಗಿದ್ದೆವೇ?