ಕಾಳ್ಗಿಚ್ಚು ಊರು ಹೊಕ್ಕಿದ್ದೇಕೆ?

ಅಮೆರಿಕದ ಲಾಸ್ ಏಂಜಲೀಸ್ ಸುತ್ತಮುತ್ತ 2025ರ ಜನವರಿ 7ರಂದು ಹೊತ್ತಿಕೊಂಡ ಪ್ಯಾಲಿಸೇಡ್ಸ್ ಹಾಗೂ ಈಟನ್ ಕಾಳ್ಗಿಚ್ಚುಗಳು 31 ಮಂದಿಯನ್ನು ಬಲಿ ತೆಗೆದುಕೊಂಡವು. 16 ಸಾವಿರಕ್ಕೂ ಹೆಚ್ಚು ಕಟ್ಟಡಗಳು ನಾಶವಾದವು. ಮೊದಲ ಕಿಡಿ ಯಾರದೆಂಬ ಪ್ರಶ್ನೆ ಈಗ ನ್ಯಾಯಾಲಯದ ಮೆಟ್ಟಿಲೇರಿದೆ. ಪ್ಯಾಲಿಸೇಡ್ಸ್ ಪ್ರಕರಣದಲ್ಲಿ 2025ರ ಅಕ್ಟೋಬರ್‌ನಲ್ಲಿ ಒಬ್ಬನ ಬಂಧನವಾಯಿತು. ಈಟನ್ ಬೆಂಕಿಗೆ ಸಂಬಂಧಿಸಿ ವಿದ್ಯುತ್ ಕಂಪನಿಯೊಂದರ ವಿರುದ್ಧ ಫೆಡರಲ್ ಸರ್ಕಾರವೇ ದಾವೆ ಹೂಡಿತು. ಹೊಣೆ ನಿರ್ಧಾರವಾಗಲೇಬೇಕು. ಆದರೆ ಒಂದು ಕಿಡಿ ಇಡೀ ಬಡಾವಣೆಗಳನ್ನು ಸುಡುವಷ್ಟು ಬಲ ಪಡೆದದ್ದು ಹೇಗೆ ಎಂಬುದು ಬೇರೆಯೇ ಪ್ರಶ್ನೆ.

ಅದಕ್ಕೆ ಉತ್ತರ ಮಳೆಯ ಲೆಕ್ಕದಲ್ಲಿದೆ. ಅದಕ್ಕೂ ಹಿಂದಿನ ಎರಡು ಚಳಿಗಾಲಗಳಲ್ಲಿ ಸುರಿದ ಭಾರಿ ಮಳೆಯಿಂದ ಬೆಟ್ಟಗಳಲ್ಲಿ ಹುಲ್ಲು, ಕುರುಚಲು ಹುಲುಸಾಗಿ ಬೆಳೆದಿದ್ದವು. ಆನಂತರ 2024ರ ಮೇ ತಿಂಗಳಿನಿಂದ ಬೆಂಕಿ ಬೀಳುವವರೆಗೆ ನಗರದ ಮಧ್ಯಭಾಗದಲ್ಲಿ ಬಿದ್ದ ಮಳೆ ಕೇವಲ 4 ಮಿಲಿಮೀಟರ್‌ನಷ್ಟು. ಒಳನಾಡಿನಿಂದ ಕಡಲಿನತ್ತ ಬೀಸುವ ‘ಸಾಂಟಾ ಆನಾ’ ಒಣಗಾಳಿ ಅಲ್ಲಿಗೆ ಹೊಸತಲ್ಲ. ತಾಪಮಾನ ಏರಿಕೆಯಿಂದ ಈ ಗಾಳಿಯ ಬಲ ಹೆಚ್ಚಿದೆ ಎನ್ನಲು ಗಟ್ಟಿ ಪುರಾವೆಯೂ ಇಲ್ಲ. ಮಳೆ ತಡವಾಗಿ, ಗಾಳಿಯ ಕಾಲಕ್ಕೂ ಬೆಟ್ಟಗಳು ಒಣಗಿಯೇ ಇರುವುದು ಅಪಾಯದ ಮೂಲ.

‘ವರ್ಲ್ಡ್ ವೆದರ್ ಆಟ್ರಿಬ್ಯೂಷನ್’ ವಿಜ್ಞಾನಿಗಳ ತಂಡ 2025ರ ಜನವರಿಯಲ್ಲೇ ಪ್ರಕಟಿಸಿದ ವಿಶ್ಲೇಷಣೆಯ ಪ್ರಕಾರ, ಭೂಮಿ 1.3 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿರುವುದರಿಂದ ಇಂಥ ಬೆಂಕಿಪೂರಕ ಹವೆಯ ಸಂಭವ ಸುಮಾರು ಶೇ 35ರಷ್ಟು ಹೆಚ್ಚಿದೆ. ಅಂದರೆ ಹವಾಮಾನ ಬದಲಾವಣೆ ಬೆಂಕಿ ಹಚ್ಚಲಿಲ್ಲ; ಹಚ್ಚಿದ ಬೆಂಕಿ ಹಬ್ಬುವುದನ್ನು ಸುಲಭಗೊಳಿಸಿತು.

ಊರು ಹೊಕ್ಕ ಮೇಲೆ ಬೆಂಕಿಗೆ ಮರಗಿಡಗಳೇ ಬೇಕಿರಲಿಲ್ಲ. ಗಾಳಿಯಲ್ಲಿ ಹಾರಿಬಂದ ಕೆಂಡಗಳು ಮಾಳಿಗೆಯ ಗಾಳಿಕಿಂಡಿಗಳಿಂದ ಒಳನುಗ್ಗಿದವು. ಮನೆಯಿಂದ ಮನೆಗೆ ಉರಿ ದಾಟಿತು. ಬಿರುಗಾಳಿಯಿಂದಾಗಿ ಮೊದಲ ರಾತ್ರಿ ನೀರು ಸುರಿಯುವ ವಿಮಾನಗಳು ಹಾರಲಾಗಲಿಲ್ಲ. ಕೆಲವೇ ಕಟ್ಟಡಗಳ ಬೆಂಕಿ ಆರಿಸುವ ಅಂದಾಜಿನಲ್ಲಿ ರೂಪಿಸಿದ ನೀರಿನ ಜಾಲ ಪ್ಯಾಲಿಸೇಡ್ಸ್‌ನ ಎತ್ತರದ ಪ್ರದೇಶಗಳಲ್ಲಿ ಬತ್ತಿಹೋಯಿತು. ಹವಾಯಿಯ ಲಹೈನಾ ಪಟ್ಟಣದಲ್ಲಿ 2023ರ ಆಗಸ್ಟ್‌ನಲ್ಲಿ 102 ಜನರನ್ನು ಬಲಿ ಪಡೆದ ಬೆಂಕಿಯೂ ಒಣಹುಲ್ಲಿನಿಂದ ಮನೆಗಳಿಗೆ ಹಬ್ಬಿದ್ದೇ ಆಗಿತ್ತು.

ಮನೆ ಕಳೆದುಕೊಂಡವರಿಗೆ ಬೇಗ ಸೂರು ಬೇಕು. ಕ್ಯಾಲಿಫೋರ್ನಿಯಾ ಸರ್ಕಾರ ಬೆಂಕಿ ಆರುವ ಮೊದಲೇ ಪರಿಸರ ಪರವಾನಗಿಯ ಕೆಲವು ನಿಯಮಗಳನ್ನು ಸಡಿಲಿಸಿ ಮರುನಿರ್ಮಾಣಕ್ಕೆ ದಾರಿ ಮಾಡಿಕೊಟ್ಟಿತು. ಬೆಂಕಿ ತಡೆಯುವ ಚಾವಣಿ, ಕೆಂಡ ತೂರದ ಗಾಳಿಕಿಂಡಿ ಕಡ್ಡಾಯಗೊಳಿಸುವ ಸಂಹಿತೆ ಅಪಾಯ ವಲಯಗಳಲ್ಲಿ 2008ರಿಂದಲೇ ಜಾರಿಯಲ್ಲಿದೆ. ಆದರೆ ಅದು ಹೊಸ ಕಟ್ಟಡಗಳಿಗಷ್ಟೇ. ಆಲ್ಟಡೀನಾದಲ್ಲಿ ಸುಟ್ಟ ಮನೆಗಳಲ್ಲಿ ಹೆಚ್ಚಿನವು ಹಳೆಯವು. ಹೊಸ ಮನೆಗಳ ನಡುವೆ ಉಳಿದ ಹಳೆಯ ಮನೆಗಳನ್ನೂ ಭದ್ರಗೊಳಿಸದಿದ್ದರೆ ಪ್ರಯೋಜನ ಅಷ್ಟಕ್ಕಷ್ಟೆ.

ಇದಕ್ಕೆ ತಗಲುವ ವೆಚ್ಚವನ್ನು ಭರಿಸುವವರು ಯಾರು ಎಂಬುದು ಇತ್ಯರ್ಥವಾಗಬೇಕಿದೆ. ಬೆಂಕಿಗೂ ಮುಂಚೆಯೇ ಖಾಸಗಿ ವಿಮಾ ಕಂಪನಿಗಳು ಅಲ್ಲಿನ ಅನೇಕ ಮನೆಗಳ ಪಾಲಿಸಿ ನವೀಕರಿಸದೆ ಹಿಂದೆ ಸರಿದಿದ್ದವು. ಸಾಮಾನ್ಯ ಕುಟುಂಬಗಳ ಮೇಲೆಯೇ ಈ ಹೊರೆ ಬಿದ್ದರೆ, ಭದ್ರ ಮನೆ ಉಳ್ಳವರ ಸ್ವತ್ತಾಗುತ್ತದೆ. ನ್ಯಾಯಾಲಯ ಕಿಡಿಯ ಹೊಣೆಯನ್ನಷ್ಟೇ ಹೇಳಬಲ್ಲದು. ಮುಂದಿನ ಒಣ ಚಳಿಗಾಲಕ್ಕೆ ಊರನ್ನು ಸಜ್ಜುಗೊಳಿಸುವುದು ಸರ್ಕಾರದ ಕೆಲಸ.